ಪೆಟ್ರೋಲ್ ಮುಚ್ಚಳದೊಳಗಿನ ಹೆಬ್ಬೆಟ್ಟು

ಎರಡನೇ ಚೊಂಬು ನೀರು ಸುರಿದಾಗ ಗೀರು ಮಾಯವಾಯಿತು. ಬಟ್ಟೆಯಿಂದ ಒರೆಸಿದೆ. ಮತ್ತೆ ಬಂತು. ಹಿಂದಿನ ಬಾಗಿಲ ಹಿಡಿಯಿಂದ ಪೆಟ್ರೋಲ್ ಮುಚ್ಚಳದವರೆಗೆ, ಕೂದಲೆಳೆಯಷ್ಟು ತೆಳ್ಳಗೆ, ಒಂದು ಮೊಳ ಉದ್ದ. ಕಪ್ಪು ಕಾರು. ಕಪ್ಪು ಬಣ್ಣ ಏನನ್ನೂ ಮುಚ್ಚಿಡುವುದಿಲ್ಲ.

"ಏನು ನೀರು ಹುಯ್ಕೊಂಡು ಕೂತಿದ್ದೀಯ? ತೊಳೆಯೋಕೆ ಕರೆಸಿಲ್ಲ ನಿನ್ನ," ಎಂದ ಮಾಲೀಕ, ಮನೆಯ ಮೆಟ್ಟಿಲ ಮೇಲಿಂದ.

"ನೀರು ಬಿದ್ದಾಗ ಕಾಣದೆ ಹೋದ್ರೆ ಗೀರು ಮೇಲಿನ ಪದರದಲ್ಲೇ ಇದೆ ಅಂತ, ಸ್ವಾಮಿ. ಹೋಗುತ್ತೆ. ನೀರಲ್ಲೂ ಕಂಡ್ರೆ ಬಣ್ಣಕ್ಕೆ ಇಳಿದಿದೆ ಅಂತ."

"ಪಾಠ ಬೇಡ. ಹತ್ತೂವರೆಗೆ ಕಾರು ಕೊಳ್ಳೋರು ನೋಡೋಕೆ ಬರ್ತಾರೆ."

ಎದುರಿಗೆ ಸ್ವಾಮಿ ಎನ್ನುತ್ತಿದ್ದೆ. ಮನಸ್ಸಿನಲ್ಲಿ ಎಂದೂ ಎನ್ನಲಿಲ್ಲ.

ಉಗುರನ್ನು ಗೀರಿಗೆ ಅಡ್ಡವಾಗಿ ಎಳೆದು ನೋಡಿದೆ. ಸಿಕ್ಕಿಕೊಳ್ಳಲಿಲ್ಲ. ಸುತ್ತ ಟೇಪು ಅಂಟಿಸಿ, ಎರಡು ಸಾವಿರ ನಂಬರಿನ ವಾಟರ್ ಪೇಪರನ್ನು, ಆ ನಯವಾದ ಮರಳು ಕಾಗದವನ್ನು, ಸೋಪಿನ ನೀರಿನಲ್ಲಿ ನೆನೆಹಾಕಿದೆ. ಅದು ನೆನೆಯುವಷ್ಟು ಹೊತ್ತು ಸುಮ್ಮನಿರಬೇಕು. ಅವಸರ ಮಾಡಿದರೆ ಒಂದು ಗೀರು ಹೋಗಿ ನೂರು ಗೀರು ಬರುತ್ತದೆ. ಇದನ್ನು ಹೇಳಿಕೊಟ್ಟವರು ನನ್ನ ಗಂಡ.

ಈ ಮಾಲೀಕನ ಕಾರು ಪೇಂಟಿಂಗ್ ಶೆಡ್ಡಿನಲ್ಲಿ ಅವರು ಇಪ್ಪತ್ತೆರಡು ವರ್ಷ ಬಣ್ಣ ಹೊಡೆದರು. ಬಾಯಿಗೆ ಒಂದು ಒದ್ದೆ ಬಟ್ಟೆ, ಅಷ್ಟೇ. ಇವತ್ತು ಯಾವ ಕಾರು ಎಂದು ನಾನು ಕೇಳುತ್ತಿರಲಿಲ್ಲ. ಸಂಜೆ ಬಚ್ಚಲಲ್ಲಿ ಅವರು ಕೆಮ್ಮಿ ಉಗುಳಿದ್ದು ನೋಡಿದರೆ ಗೊತ್ತಾಗುತ್ತಿತ್ತು. ಒಂದು ದಿನ ಕೆಂಪು, ಒಂದು ದಿನ ನೀಲಿ. ಕೊನೆಯ ಎರಡು ವರ್ಷ ಅವರಿಗೆ ಬಣ್ಣ ಸಿಂಪಡಿಸುವ ಗನ್ ಎತ್ತುವಷ್ಟು ಉಸಿರಿರಲಿಲ್ಲ. ಆಗ ಮಾಲೀಕ ಗೀರು ತೆಗೆಯುವ ಕೆಲಸ ನಮ್ಮ ಮನೆ ಮುಂದಕ್ಕೇ ಕಳಿಸುತ್ತಿದ್ದ. ಅವರು ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದರು, ನಾನು ಉಜ್ಜುತ್ತಿದ್ದೆ. "ಪಾತ್ರೆ ತಿಕ್ಕಿದ ಹಾಗಲ್ಲ ಕಣೇ. ಮಗುವಿನ ಹಣೆ ಒರೆಸಿದ ಹಾಗೆ."

ಅವರು ಹೋಗಿ ಮೂರು ವರ್ಷ. ಕೆಲಸದಿಂದ ಎದೆ ಕೆಟ್ಟು ಸತ್ತವರ ಮನೆಯವರಿಗೆ ಪರಿಹಾರ ಉಂಟು ಎಂದು ನಾನು ಓದು ಕಲಿಯಲು ಹೋಗುತ್ತಿದ್ದ ರಾತ್ರಿ ಶಾಲೆಯ ಟೀಚರ್ ಹೇಳಿದರು. ಅರ್ಜಿ ನಾನೇ ಬರೆದೆ. ಐವತ್ತೆಂಟನೇ ವಯಸ್ಸಿನಲ್ಲಿ ಕಲಿತ ಅಕ್ಷರ, ಒಂದೊಂದೂ ಬೇರೆ ದಿಕ್ಕಿಗೆ ವಾಲಿತ್ತು. ಕಾರ್ಮಿಕರ ಕಚೇರಿಯ ಗುಮಾಸ್ತ ಓದಿ ವಾಪಸು ಕೊಟ್ಟ.

"ಅಲ್ಲಿ ಕೆಲಸ ಮಾಡಿದ್ರು ಅನ್ನೋದಕ್ಕೆ ಏನಿದೆಯಮ್ಮ? ಹಾಜರಿ? ಸಂಬಳದ ಚೀಟಿ? ಸಾಕ್ಷಿ ಇಲ್ಲದೆ ಕಳಿಸಿದ್ರೆ ಕಸದ ಬುಟ್ಟಿಗೆ ಹೋಗುತ್ತೆ. ಮಾಲೀಕರಿಂದ ಬರೆಸ್ಕೊಂಡು ಬನ್ನಿ."

ಮಾಲೀಕನ ಬಳಿ ಹೋದೆ. ಅವನು ಹೆಸರನ್ನು ಎರಡು ಸಲ ಹೇಳಿಸಿಕೊಂಡ. ಆಮೇಲೆ, "ಅಂಥವರು ಯಾರೂ ನಮ್ಮಲ್ಲಿ ಇರಲೇ ಇಲ್ಲವಲ್ಲ," ಎಂದ. ಹೆಣ ಎತ್ತುವ ದಿನ ಇದೇ ಕಾರಿನಲ್ಲಿ ಬಂದು ಹೋಗಿದ್ದವನು.

ಅಂದಿನಿಂದ ಅರ್ಜಿ ಹೊಲಿಗೆಯ ಡಬ್ಬದಲ್ಲಿತ್ತು. 'ಸಾಕ್ಷಿ' ಎಂದು ಬರೆದ ಜಾಗದ ಮುಂದೆ ಖಾಲಿ.

ಈ ದಿನ ಬೆಳಿಗ್ಗೆ ಅವನ ಡ್ರೈವರ್ ಬಂದ. "ದೊಡ್ಡಮ್ಮ, ಒಂದು ಸಣ್ಣ ಗೀರಂತೆ. ಶೆಡ್ಡಿಗೆ ತಗೊಂಡು ಹೋದ್ರೆ ಜನ ನೋಡ್ತಾರಂತೆ, ಮನೆಯಲ್ಲೇ ತೆಗೀಬೇಕಂತೆ. ತೆಗೆದುಕೊಟ್ರೆ ನಿಮ್ಮ ಕಾಗದಕ್ಕೆ ಸಹಿ ಹಾಕ್ತೀನಿ ಅಂದ್ರು."

ಹಾಗಾಗಿ ಬಂದಿದ್ದೆ. ಅರ್ಜಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ.

ಪೇಪರ್ ನೆನೆಯಿತು. ಗೀರಿನ ಉದ್ದಕ್ಕೇ, ಒತ್ತದೆ, ಉಜ್ಜಿದೆ. ಹೊಳಪು ಹೋಗಿ ಅಷ್ಟು ಜಾಗ ಮಂಜು ಕವಿದಂತೆ ಮಸುಕಾಯಿತು. ಪಕ್ಕದಲ್ಲಿ ಚಕ್ರ ಒರೆಸುತ್ತಿದ್ದ ಡ್ರೈವರ್ ಗಾಬರಿಯಾದ.

"ಹಾಳಾಯ್ತಲ್ಲ ದೊಡ್ಡಮ್ಮ."

"ಹಾಳಾಗಿಲ್ಲ, ತಡಿ. ಗೀರು ಹಾಕಿದ್ದು ಯಾರು?"

"ಅವರೇ. ಬೀಗದ ಕೈ ಗೊಂಚಲು ಹಿಡ್ಕೊಂಡು ಕಾರಿಗೆ ಒರಗಿ ಫೋನಲ್ಲಿ ಮಾತಾಡ್ತಿದ್ರು. ಗೀರು ಬಿದ್ದಿದ್ದು ಕಾರಿಗೆ, ಬೈಗುಳ ಬಿದ್ದಿದ್ದು ನನಗೆ."

ಮೆತ್ತನೆ ಬಟ್ಟೆಗೆ ಹೊಳಪು ಬರಿಸುವ ಕಾಂಪೌಂಡ್ ಹಚ್ಚಿ ಸಣ್ಣ ಸಣ್ಣ ಸುತ್ತು ಹಾಕಿದೆ. ಮಂಜು ಕರಗಿತು. ಕಪ್ಪಿನೊಳಗಿಂದ ನನ್ನ ಮುಖ ಮೇಲೆದ್ದು ಬಂತು, ಅದರ ಹಿಂದೆ ಮನೆಯ ಮೆಟ್ಟಿಲು. ಗೀರು ಇರಲಿಲ್ಲ.

ಮುಚ್ಚಳದ ಅಂಚು ಉಳಿದಿತ್ತು. ಅದನ್ನು ಒತ್ತಿ ತೆರೆದೆ. ಒಳಗೆ, ಮೂಲೆಯಲ್ಲಿ, ಒಂದು ಹೆಬ್ಬೆಟ್ಟಿನ ಗುರುತು.

ಅದು ಶೆಡ್ಡಿನ ಕಟ್ಟಳೆ. ಕೊನೆಯ ವಾರ್ನಿಷ್ ಒಣಗುವ ಮೊದಲು ಬಣ್ಣ ಹೊಡೆದವನು ಮುಚ್ಚಳದ ಒಳಗೆ ಹೆಬ್ಬೆಟ್ಟು ಒತ್ತಬೇಕು. ನಾಳೆ ಬಣ್ಣ ಎದ್ದು ಬಂದರೆ ಯಾರ ಕೂಲಿ ಹಿಡಿಯಬೇಕು ಎಂದು ಮಾಲೀಕನಿಗೆ ಗೊತ್ತಾಗಬೇಕಲ್ಲ. ಶೆಡ್ಡಿನವರು ಅದನ್ನೇ ತಮಾಷೆ ಮಾಡಿಕೊಂಡಿದ್ದರು. "ದೊಡ್ಡೋರು ಚೆಕ್ಕಿನ ಮೇಲೆ ಸಹಿ ಹಾಕ್ತಾರೆ, ನಾವು ಟ್ಯಾಂಕಿನ ಮೇಲೆ."

ಈ ಹೆಬ್ಬೆಟ್ಟಿನ ಅಡ್ಡಕ್ಕೆ ಒಂದು ಓರೆ ಗೆರೆ. ಹಳೇ ಬಣ್ಣ ಕೆರೆಯುವ ಪಟ್ಟಿ ಜಾರಿ ಕುಯ್ದ ಗಾಯದ ಕಲೆ. ಅರಿಶಿನ ಮೆತ್ತಿ ಬಟ್ಟೆ ಕಟ್ಟಿದ್ದು ನಾನು. ಆರು ವರ್ಷದ ಹಿಂದೆ ಮಾಲೀಕ ಈ ಕಾರನ್ನು ಮೋರಿಗೆ ಗುದ್ದಿದಾಗ ಇಡೀ ಮೈಗೆ ಬಣ್ಣ ಹೊಡೆದವರು ಅವರೇ. ಇಷ್ಟು ದಿನ ಇದು ನನ್ನ ತಲೆಗೆ ಹೊಳೆಯಲೇ ಇಲ್ಲ. ಸಾಕ್ಷಿ ಎಂದರೆ ಕಾಗದ ಎಂದುಕೊಂಡಿದ್ದೆ. ಹೆಬ್ಬೆಟ್ಟು ಒತ್ತುವುದು ನಾಚಿಕೆ ಎಂದು ರಾತ್ರಿ ಶಾಲೆಗೆ ಹೋದವಳಲ್ಲವೇ ನಾನು. ಆ ಗುರುತಿನ ಕಡೆ ಕಣ್ಣೇ ಹೋಗಿರಲಿಲ್ಲ.

ನನ್ನ ಬೆರಳನ್ನು ಅದರ ಮೇಲಿಟ್ಟೆ. ಗುಳಿ ದೊಡ್ಡದು, ನನ್ನ ಬೆರಳು ಚಿಕ್ಕದು.

ಮಾಲೀಕ ಕೆಳಗೆ ಇಳಿದು ಬಂದ. ಗೀರಿದ್ದ ಜಾಗ ನೋಡಿದ. ಚೆನ್ನಾಗಿದೆ ಎನ್ನಲಿಲ್ಲ.

"ಆ ಗುರುತನ್ನೂ ಉಜ್ಜಿ ತೆಗಿ. ಕಂಪನಿ ಬಣ್ಣವೇ ಇದೆ ಅಂತ ಹೇಳಿದ್ದೀನಿ ಅವರಿಗೆ."

"ಇದು ಯಾರ ಬೆರಳು ಗೊತ್ತಾ ಸ್ವಾಮಿ?"

"ಯಾರದ್ದಾದ್ರೆ ನನಗೇನು? ಉಜ್ಜು."

ನಾನು ಸೊಂಟದಿಂದ ಅರ್ಜಿ ತೆಗೆದೆ. "ಮೊದಲು ಸಹಿ."

ಅವನು ನಕ್ಕ. "ಇಲ್ಲದವನಿಗೆ ಎಲ್ಲಿಂದ ಸಹಿ ಹಾಕ್ಲಿ? ಇವತ್ತು ನಿನಗೆ ಹಾಕಿದ್ರೆ ನಾಳೆ ಹತ್ತು ಜನ ಕೆಮ್ಕೊಂಡು ಬಂದು ಬಾಗಿಲಲ್ಲಿ ನಿಲ್ತಾರೆ."

"ಮಾತು ಕೊಟ್ಟಿದ್ರಿ."

"ಡ್ರೈವರ್ ಕೈಲಿ ಹೇಳಿ ಕಳಿಸಿದ್ದೆಲ್ಲ ಮಾತಾ? ಕೂಲಿ ತಗೊ, ಉಜ್ಜು, ನಡಿ."

ನಾನು ವಾಟರ್ ಪೇಪರನ್ನು ಬಕೆಟ್ಟಿನ ಅಂಚಿಗೆ ಇಟ್ಟೆ. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಮಾಲೀಕ ಮುಚ್ಚಳವನ್ನು ರಪ್ಪನೆ ಮುಚ್ಚಿ, ಮುಖದ ಮೇಲೆ ಬೇರೆ ನಗು ಹಾಕಿಕೊಂಡ.

ಬಂದವರು ನಿವೃತ್ತ ಅಧಿಕಾರಿ. ಇಸ್ತ್ರಿ ಅಂಗಿ, ಕೈಯಲ್ಲಿ ಟಾರ್ಚು. ಕಾರಿನ ಸುತ್ತ ಎರಡು ಸಲ ಬಂದರು. ಗೀರಿದ್ದ ಕಡೆ ಟಾರ್ಚು ಬಿಟ್ಟು, ಅಂಗೈಯಿಂದ ಸವರಿ, ತಲೆದೂಗಿದರು.

"ಬಣ್ಣ ಕಂಪನಿದೇ ತಾನೆ?"

"ನೂರಕ್ಕೆ ನೂರು, ಸಾರ್."

ನಾನು ಕೈ ಚಾಚಿ ಮುಚ್ಚಳ ಒತ್ತಿದೆ. ಅದು ತೆರೆದುಕೊಂಡಿತು. ಅವರು ಬಗ್ಗಿ ನೋಡಿದರು. ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದರು.

"ಈಗೀಗ ಕಂಪನಿಯವರು ಹೆಬ್ಬೆಟ್ಟು ಒತ್ತಿ ಕಳಿಸ್ತಾರೇನು?" ಟಾರ್ಚು ಆರಿಸಿದರು. "ಎಲ್ಲೋ ರಸ್ತೆ ಬದಿಯಲ್ಲಿ ಬಳಿಸಿದ್ದೀರಿ. ಬೇಡ ಬಿಡಿ."

ವ್ಯಾಪಾರ ಕೈ ಜಾರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ರಸ್ತೆ ಬದಿ ಎಂಬ ಮಾತು ಮಾಲೀಕನಿಗೆ ಚುಚ್ಚಿತು.

"ರಸ್ತೆ ಬದಿಯಲ್ಲ ಸಾರ್. ನನ್ನ ಶೆಡ್ಡಲ್ಲೇ ಮಾಡಿಸಿದ್ದು. ಇಪ್ಪತ್ತೆರಡು ವರ್ಷ ನನ್ನ ಹತ್ರ ಪಳಗಿದ ಕೈ ಅದು. ಊರಲ್ಲೇ ಅಂಥ ಪೇಂಟರ್ ಇರಲಿಲ್ಲ. ಬೇಕಾದ್ರೆ ಕೇಳಿ, ಈ ಮುದುಕಿಯ ಗಂಡನೇ."

ಡ್ರೈವರ್ ಚಕ್ರ ಒರೆಸುವುದನ್ನು ನಿಲ್ಲಿಸಿದ.

"ಎಷ್ಟು ವರ್ಷ ಅಂದ್ರಿ ಸ್ವಾಮಿ?" ಎಂದೆ.



"ಇಪ್ಪತ್ತೆರಡು ಅಂದ್ರಲ್ಲ," ಎಂದರು ಅಧಿಕಾರಿ. "ಈಗೆಲ್ಲಿದ್ದಾರಮ್ಮ ನಿಮ್ಮ ಯಜಮಾನ್ರು?"

"ತೀರಿಕೊಂಡ್ರು. ಇವರ ಹತ್ರ ಕೆಲಸಕ್ಕಿದ್ರು ಅಂತ ಇವರ ಬಾಯಲ್ಲಿ ಇವತ್ತೇ ಕೇಳಿದ್ದು."

ಅರ್ಜಿ ತೋರಿಸಿದೆ. ಅವರು ಓದಿದರು. ಮುಖ ಸಪ್ಪಗಾಯಿತು. "ನಾನು ಕಾರು ನೋಡೋಕೆ ಬಂದವನು. ಈ ರಗಳೆ ನನಗೆ ಬೇಡಮ್ಮ," ಎಂದು ಕಾಗದ ಮಡಚಿ ಕೈಗಿಟ್ಟು ನಡೆದರು. ಅಂಗಿಯ ಇಸ್ತ್ರಿ ಮುದುಡಲಿಲ್ಲ.

ಗೇಟು ಮುಚ್ಚಿದ್ದೇ ತಡ, ಮಾಲೀಕ ಬಕೆಟ್ಟಿಗೆ ಕೈ ಹಾಕಿದ. ಅಂಚಿಗೆ ಇಟ್ಟಿದ್ದ ಪೇಪರ್ ಒಣಗಿತ್ತು. ಅದರಿಂದಲೇ ಮುಚ್ಚಳದೊಳಗೆ ಗಸಗಸ ಉಜ್ಜತೊಡಗಿದ. ಆದರೆ ಅವನು ಬಕೆಟ್ಟಿನ ಕಡೆ ಬಗ್ಗಿದ್ದಾಗಲೇ ಡ್ರೈವರ್ ಫೋನು ತೆಗೆದು ಆ ಗುರುತಿನ ಫೋಟೊ ಹಿಡಿದಾಗಿತ್ತು. ಮಾಲೀಕನಿಗೆ ಅವನ ಕೈಯ ಫೋನು ಕಂಡಿತು.

"ನಾಳೆಯಿಂದ ಬರಬೇಡ ನೀನು."

"ಸರಿ ಸಾರ್. ನಾನೂ ನಿಮ್ಮ ಹತ್ರ ಇರಲೇ ಇಲ್ಲ ಅಂತೀರಾ?"

ನನಗೆ ಕೂಲಿ ಕೊಡಲಿಲ್ಲ. ನಾನು ಕೇಳಲೂ ಇಲ್ಲ. ಹೊರಡುವಾಗ ತಿರುಗಿ ನೋಡಿದೆ. ಕಾರಿನ ಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಮುಚ್ಚಳದೊಳಗೆ ಬೆಳ್ಳಗೆ ಕೆರೆದ ಗಾಯ. ಅವನು ಇನ್ನೂ ಉಜ್ಜುತ್ತಲೇ ಇದ್ದ. ಇಪ್ಪತ್ತೆರಡು ವರ್ಷದ ಕಾರುಗಳು. ಎಷ್ಟನ್ನು ಉಜ್ಜುತ್ತಾನೆ?

ಮನೆಗೆ ಹೋಗಲಿಲ್ಲ. ನಾನು, ಡ್ರೈವರ್ ಇಬ್ಬರೂ ನೇರ ಶೆಡ್ಡಿನ ಗೇಟಿಗೆ ಹೋದೆವು. ಟೀ ಹೊತ್ತು. ಎಂಟು ಜನ ಗೋಡೆಗೆ ಒರಗಿ ಕೂತಿದ್ದರು, ಎಲ್ಲರ ಕತ್ತಿನಲ್ಲೂ ಅದೇ ಒದ್ದೆ ಬಟ್ಟೆ. ನಡೆದದ್ದನ್ನು ಹೇಳಿದೆ. ಇಬ್ಬರು ಲೋಟ ಕೆಳಗಿಟ್ಟು ಒಳಗೆ ಹೋಗಿಬಿಟ್ಟರು. ನನಗೆ ಸಿಟ್ಟು ಬರಲಿಲ್ಲ. ಇಷ್ಟು ದಿನ ನಾನೂ ಅರ್ಜಿಯಿದ್ದ ಡಬ್ಬದ ಮುಚ್ಚಳ ತೆರೆದಿರಲಿಲ್ಲ.

ಆಮೇಲೆ ಡೊಂಕು ತಗಡು ತಟ್ಟುವ ಕುಳ್ಳ ಕೆಮ್ಮಿದ. ಕೆಮ್ಮು ನಿಲ್ಲುವವರೆಗೆ ಎಲ್ಲರೂ ನೆಲ ನೋಡಿದರು.

"ಅಕ್ಕ, ಬರ್ಕೊ," ಎಂದ. "ಶಾಲೆಯ ಹಳದಿ ವ್ಯಾನು. ಅದರಲ್ಲಿ ಭಾವನ ಹೆಬ್ಬೆಟ್ಟಿದೆ."

"ಬ್ರೆಡ್ಡಿನ ಗಾಡಿ," ಎಂದ ಇನ್ನೊಬ್ಬ.

"ಆಸ್ಪತ್ರೆಯ ಆಂಬುಲೆನ್ಸ್. ಎರಡು ಸಲ ಹೊಡೆದ್ರು ಅದಕ್ಕೆ."

"ಆಂಬುಲೆನ್ಸಿಗೆ ಬಣ್ಣ ಹೊಡ್ದು ಆಂಬುಲೆನ್ಸಲ್ಲೇ ಹೋದ ಮಹರಾಯ," ಎಂದ ಕುಳ್ಳ. ಯಾರೂ ನಗಲಿಲ್ಲ.

ಖಾಲಿ ಜಾಗ ಸಾಲಲಿಲ್ಲ. ಕಾಗದ ತಿರುಗಿಸಿ ಹಿಂದೆ ಬರೆದೆ. ಹದಿನಾಲ್ಕು ಗಾಡಿ. ಮಾಲೀಕ ಆಡಿದ ಮಾತು, ಆಡಿದ ಹೊತ್ತು, ಫೋಟೊ ಡ್ರೈವರ್ ಫೋನಿನಲ್ಲಿದೆ ಎಂಬುದು. ಡ್ರೈವರ್ ಸಹಿ ಹಾಕಿದ. ಕುಳ್ಳನಿಗೆ ಬರೆಯಲು ಬಾರದು, ಹೆಬ್ಬೆಟ್ಟು ಒತ್ತಿದ. ಇನ್ನೂ ಮೂವರು ಒತ್ತಿದರು. ಒಬ್ಬನ ಬೆರಳಲ್ಲಿ ಹಸಿ ಬಣ್ಣವಿತ್ತು. ಇಂಕೇ ಬೇಕಾಗಲಿಲ್ಲ.

ಲಕೋಟೆಯ ಮೇಲೆ ಕಾರ್ಮಿಕರ ಕಚೇರಿಯ ವಿಳಾಸ ಬರೆದು, ಅಂಚೆ ಕಚೇರಿ ಮುಚ್ಚುವ ಹೊತ್ತಿಗೆ ಹೋದೆ. ಕಿಟಕಿಯ ಹೆಂಗಸು ಲಕೋಟೆ ತೂಗಿದಳು.

"ಸಾದಾ ಅಂಚೆ ಸಾಕಲ್ಲ ಅಜ್ಜಿ? ಇದೇ ಊರಿಗೇ."

"ಬೇಡ. ರಿಜಿಸ್ಟರ್ ಮಾಡಮ್ಮ. ರಸೀದಿ ಕೊಡು."

"ರಸೀದಿ ಯಾಕಜ್ಜಿ? ತಲುಪುತ್ತೆ."

"ನಾಳೆ ಯಾರಾದ್ರೂ, ಅಂಥ ಕಾಗದ ನಮ್ಮಲ್ಲಿಗೆ ಬರಲೇ ಇಲ್ಲ ಅಂದ್ರೆ?"

ಅವಳು ನನ್ನ ಮುಖ ನೋಡಿದಳು. ಮುದ್ರೆಯನ್ನು ಎತ್ತಿ, ಜೋರಾಗಿ, ಎರಡು ಸಲ ಹೊಡೆದಳು.