ಬೈದವರ ಹೆಸರು

ಚನ್ನಗಿರಿ ಬಸ್ ನಿಲ್ದಾಣದ ಹಿಂದಿನ ಬೀದಿಯ ಆ ಎರಡು ಕೋಣೆಗಳಲ್ಲಿ ತಯಾರಾಗುವುದು ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್ ಬೋರ್ಡುಗಳು. ಕರೆಂಟು ಬಂದ ಕೂಡಲೇ ಮೋಟರು ತಾನಾಗಿ ಶುರುವಾಗಬೇಕು, ಬೋರಿನಲ್ಲಿ ನೀರು ತಗ್ಗಿದರೆ ತಾನಾಗಿ ನಿಲ್ಲಬೇಕು. ಅಷ್ಟೇ ಅದರ ಕೆಲಸ. ಬೇರೆ ಕಂಪನಿಗಳ ಬೋರ್ಡಿನ ಮೇಲೆ ಇಂಗ್ಲಿಷಿನ ಮೂರು ಅಕ್ಷರ, ಮುಂದೊಂದು ನಂಬರು ಇರುತ್ತದೆ. ಇಲ್ಲಿಯದರ ಮೇಲೆ ‘ಓಬವ್ವ’ ಎಂದಿರುತ್ತದೆ, ಇಲ್ಲವೇ ‘ಗಿಡ್ಡಮ್ಮ’, ‘ಬೆನಕಪ್ಪ’.

ದೇವರ ಹೆಸರಲ್ಲ, ಮಾಲೀಕರ ಮನೆಯವರ ಹೆಸರೂ ಅಲ್ಲ. ಹೊಸ ಬೋರ್ಡು ಮೊದಲ ಸಲ ಕೆಟ್ಟಾಗ ಅದನ್ನು ವಾಪಸ್ಸು ತಂದು ಬೈದವರ ಹೆಸರು.

ಮಾಲೀಕರಾದ ತಿಪ್ಪೇರುದ್ರಸ್ವಾಮಿ ಮೊದಲು ಜಗಳೂರಿನಲ್ಲಿ ರೇಡಿಯೊ ರಿಪೇರಿ ಮಾಡಿಕೊಂಡಿದ್ದವರು. ಚನ್ನಗಿರಿಗೆ ಬಂದು ಮಾಡಿದ ಮೊದಲ ಬೋರ್ಡನ್ನು ತಮ್ಮೂರಿನ ಓಬವ್ವನ ಹೊಲಕ್ಕೆ ಕೂರಿಸಿ ಬಂದಿದ್ದರು. ಮೂರನೇ ತಿಂಗಳಿಗೆ ಓಬವ್ವ ಎರಡು ಬಸ್ಸು ಬದಲಿಸಿ ಬಂದಳು. ಸೆರಗಿನಲ್ಲಿ ಕಟ್ಟಿ ತಂದದ್ದನ್ನು ಮೇಜಿನ ಮೇಲಿಟ್ಟು, “ತಗಾ ಸ್ವಾಮಿ, ಇರುವೆ ಸಾಕಾಕೆ ಚಂದದ ಮನೆ ಮಾಡೀಯ. ನೀರೆತ್ತಾಕೆ ಇನ್ನೊಂದು ಮಾಡಿಕೊಡು” ಅಂದಳು. ಬೋರ್ಡು ಬೋರಲು ಹಾಕಿದರೆ ಸುಟ್ಟ ಇರುವೆಗಳು ಉದುರಿದವು.

ಆಗ ಕಸ್ತೂರಮ್ಮ ಬೆಸುಗೆ ಕೆಲಸಕ್ಕೆ ಸೇರಿ ಎಂಟು ದಿನವಾಗಿತ್ತು. ಓಬವ್ವನಿಗೆ ಟೀ ತಂದುಕೊಟ್ಟವಳು ಅವಳೇ. ಓಬವ್ವ ಟೀ ಕುಡಿಯುತ್ತಲೇ ಬೈದಳು. ತಿಪ್ಪೇರುದ್ರಸ್ವಾಮಿ ಒಂದು ಪುಸ್ತಕ ತೆಗೆದು, ಅಂದದ್ದನ್ನು ಅಂದ ಹಾಗೆಯೇ ಬರೆದುಕೊಂಡರು. ಮುಂದಿನ ಬೋರ್ಡಿಗೆ ಇರುವೆ ನುಗ್ಗದಂಥ ಡಬ್ಬಿ ಬಂತು, ಓಬವ್ವನ ಹೆಸರೂ ಬಂತು. “ಹೆಸರು ಓದಿದ್ರೆ ಏನು ಕೆಟ್ಟಿತ್ತು ಅಂತ ನೆನಪಾಗ್ಬೇಕು ನೋಡ್ರಿ” ಎಂದಿದ್ದರು ಅವರು.

ಆಮೇಲೆ ನ್ಯಾಮತಿಯ ಗಿಡ್ಡಮ್ಮ ಬಂದಳು. ಹೊನ್ನಾಳಿಯ ಬೆನಕಪ್ಪನಿಗೆ ಬೈಯಲು ಬಾರದು. ಅದಕ್ಕೆಂದೇ ಮಗ್ಗುಲ ಮನೆಯವನನ್ನು ಬಸ್‌ಚಾರ್ಜು ಕೊಟ್ಟು ಕರೆತಂದಿದ್ದ. ಹೆಸರು ಬೋರ್ಡು ತಂದವನದೋ, ಬೈದವನದೋ ಎಂದು ಅವತ್ತು ಮಧ್ಯಾಹ್ನದ ಊಟದ ತನಕ ಚರ್ಚೆಯಾಗಿತ್ತು.

ಇದೆಲ್ಲ ಕಂಡ ಕಸ್ತೂರಮ್ಮ ಬರುವ ಶನಿವಾರ ಕೆಲಸ ಬಿಡುವವಳಿದ್ದಳು. ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆದಮೇಲೂ ಬೆಸುಗೆಯ ಸಣ್ಣ ಚುಕ್ಕಿಗಳು ಕಲಸಿಕೊಂಡಂತೆ ಕಾಣುತ್ತಿದ್ದವು.

ಅದೇ ಶನಿವಾರ ಜಗಳೂರಿಗೆ ಇನ್ನೂರು ಹೊಸ ಬೋರ್ಡು ಹೋಗಬೇಕಿತ್ತು. ಮೊಬೈಲಿನಿಂದ ಕರೆ ಮಾಡಿದರೆ ಮೋಟರು ಶುರುವಾಗುವಂಥದ್ದು. ತಿಪ್ಪೇರುದ್ರಸ್ವಾಮಿಯವರ ಅಕ್ಕನ ಮಗ ಸತೀಶ್ ಕುಮಾರ್ ಕಂಪ್ಯೂಟರಿನಲ್ಲಿ ತಾನೇ ನಕ್ಷೆ ಬರೆದ ಮೊದಲ ಬೋರ್ಡು. ಕೆರೆಬಿಳಚಿ, ತ್ಯಾವಣಿಗೆ, ಬಸವಾಪಟ್ಟಣದ ಹೊಲಗಳಲ್ಲಿ ಆರು ಬೋರ್ಡು ಇಡೀ ಬೇಸಿಗೆ ನಡೆದಿದ್ದವು. ಒಂದೂ ವಾಪಸ್ಸು ಬರಲಿಲ್ಲ. ಹಾಗಾಗಿ ಹೆಸರಿರಲಿಲ್ಲ.

“ಮಾಮ, ಯಾರೂ ಬೈಲಿಲ್ಲ ಅಂದ್ರೆ ಖುಷಿ ಪಡ್ಬೇಕು ನೀವು. ಒಂದು ನಂಬರ್ ಹಾಕಿ ಕಳಿಸೋಣ” ಎನ್ನುತ್ತಿದ್ದ ಸತೀಶ್.

“ಬೈಸ್ಕೊಳ್ಳದೆ ಬೆಳೆದಿದ್ದು ನೆಟ್ಟಗೆ ನಿಲ್ಲಲ್ಲ ಕಣೋ” ಎನ್ನುತ್ತಿದ್ದರು ಅವರು.

ಅವು ಯಾಕೆ ಕೆಡಲಿಲ್ಲ ಎಂಬುದು ಕಸ್ತೂರಮ್ಮನೊಬ್ಬಳಿಗೇ ಗೊತ್ತಿತ್ತು. ಆ ಆರು ಬೋರ್ಡಿಗೆ ಬೆಸುಗೆ ಹಾಕಿದವಳು ಅವಳು. ಕರೆಂಟು ಕೊಟ್ಟು ನೋಡಿ, ಬಂದ್ ಮಾಡಿ, ಬೆರಳಿಟ್ಟಾಗ ಕರೆಂಟು ಹರಿಯುವ ಒಂದು ತಾಮ್ರದ ಗೆರೆ ಸುಡುತ್ತಿತ್ತು, ಗೆರೆ ತೆಳುವಾಗಿತ್ತು. ಅದರ ಉದ್ದಕ್ಕೂ ಒಂದು ತಂತಿ ಮಲಗಿಸಿ ಬೆಸೆದಿದ್ದಳು. ಹೇಳಬೇಕೆಂದು ಎದ್ದರೆ, ಮುಂದಿನ ಕೋಣೆಯಲ್ಲಿ ಮಾಮ ಅಳಿಯನ ಬೆನ್ನು ತಟ್ಟುತ್ತಿದ್ದರು. ನಾಳೆ ಹೇಳಿದರಾಯಿತು ಎಂದು ಕೂತಳು. ಆ ನಾಳೆ ಬರಲೇ ಇಲ್ಲ. ಈಗ ಹೊಸದಾಗಿ ಬೆಸುಗೆಗೆ ಸೇರಿದ ಚೈತ್ರಾ, ಮತ್ತಿಬ್ಬರು ಹೆಂಗಸರು ನಕ್ಷೆಯಲ್ಲಿದ್ದ ಹಾಗೆಯೇ ಇನ್ನೂರನ್ನೂ ಮುಗಿಸಿದ್ದರು. ತಂತಿ ಒಂದಕ್ಕೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಕಸ್ತೂರಮ್ಮ ಅದರಲ್ಲೊಂದನ್ನು ಪರೀಕ್ಷಿಸಿ ಬೆರಳಿಟ್ಟಳು. ಅದೇ ಗೆರೆ ಸುಟ್ಟಿತು. ಜಗಳೂರಿನ ಬಿಸಿಲಿಗೆ ಇದು ಎರಡು ತಿಂಗಳೂ ತಾಳದು. ಹೇಳಿದರೆ ಹುಡುಗನ ಮುಖ ಸಣ್ಣದಾಗುತ್ತದೆ. ಕೆಲಸ ಬಿಟ್ಟು ಹೊರಡುವ ಹೊತ್ತಿಗೆ ಮುಚ್ಚಿಟ್ಟವಳು ಅನ್ನಿಸಿಕೊಳ್ಳಬೇಕು. ಹೇಳದಿದ್ದರೆ ನಾಳೆ ಗಾಡಿ ಹೊರಡುತ್ತದೆ. ಬಹಳ ಹೊತ್ತು ಕೂತಿದ್ದು, ಬೋರ್ಡನ್ನು ಊಟದ ಚೀಲಕ್ಕೆ ಹಾಕಿಕೊಂಡು ಹಿತ್ತಲ ಬಾಗಿಲಿನಿಂದ ಹೊರಬಿದ್ದಳು. ಓಣಿ ಸುತ್ತಿ, ಗಿರಾಕಿಗಳು ಬರುವ ಬೀದಿ ಬಾಗಿಲಿನಿಂದ ಒಳಗೆ ಬಂದಳು.

“ಇದೇನ್ರಿ ಕಸ್ತೂರಮ್ಮ, ಈ ಕಡಿಂದ?” ಎಂದರು ತಿಪ್ಪೇರುದ್ರಸ್ವಾಮಿ.

ಬೋರ್ಡನ್ನು ಮೇಜಿನ ಮೇಲಿಟ್ಟಳು. “ಇದು ಸುಡತೈತೆ. ಮುಟ್ಟಿ ನೋಡ್ರಿ.”

ಸತೀಶ್ ಅಲ್ಲಿಯೇ ಕರೆಂಟು ಕೊಟ್ಟು, ಐದು ನಿಮಿಷ ಬಿಟ್ಟು, ಬಂದ್ ಮಾಡಿ ಮುಟ್ಟಿದ. ಬೆರಳು ಸರಕ್ಕನೆ ಹಿಂದಕ್ಕೆ ಬಂತು. “ಮತ್ತೆ ಆ ಆರಕ್ಕೆ ಏನೂ ಆಗ್ಲಿಲ್ವಲ್ಲ?”

“ಅವಕ್ಕೆ ನಾನು ತಂತಿ ಹಾಕಿದ್ದೆ.”

“ಹೇಳ್ಬೇಕಿತ್ತಲ್ಲ ಅಕ್ಕ.”

“ಹೇಳ್ಬೇಕಿತ್ತಪ್ಪ. ತಪ್ಪು ನಂದೇ.”

ತಿಪ್ಪೇರುದ್ರಸ್ವಾಮಿ ಎದ್ದರು. ಗಿರಾಕಿಗಳ ಕುರ್ಚಿಯನ್ನು ಎಳೆದು ಅವಳ ಮುಂದಿಟ್ಟರು. ಸತೀಶನನ್ನು ಟೀ ತರಲು ಕಳಿಸಿದರು. ಮೂಲೆಯ ಗೂಡಿನಿಂದ ಆ ಹಳೆಯ ಪುಸ್ತಕ ತೆಗೆದು ಕನ್ನಡಕ ಹಾಕಿಕೊಂಡರು.

“ಹೂಂ, ಬೈರಿ.”

“ಯಾರನ್ನ?”

“ನನ್ನ. ಬೋರ್ಡು ವಾಪಸ್ ತಂದೋರು ಬೈದೆ ಹೋದ್ರೆ ಹೆಂಗೆ?”

“ತಪ್ಪು ಮಾಡಿದೋಳು ನಾನು. ನಿಮ್ಮನ್ನ ಬೈಯಾಕೆ ಬಾಯಿ ಬರ್ತತೇನ್ರಿ?”

ಟೀ ತಂದ ಸತೀಶ್, ಮುಖ ಇನ್ನೂ ಕೆಂಪಗಿದ್ದರೂ, “ಮಗ್ಗುಲ ಮನೆಯೋರನ್ನ ಕರ್ಕಂಬರ್ಲೇನಕ್ಕ, ಬೆನಕಪ್ಪನ ಹಂಗೆ?” ಅಂದ. ಕಸ್ತೂರಮ್ಮನಿಗೆ ನಗು ಬಂತು.

ಆ ಕುರ್ಚಿಯಲ್ಲಿ ಅವಳು ಕೂತದ್ದು ಅದೇ ಮೊದಲು. ಅಲ್ಲಿಂದ ಒಳಕೋಣೆಯ ಬಾಗಿಲು ಕಾಣುತ್ತಿತ್ತು, ಬಾಗಿಲಾಚೆ ಅವಳ ಸ್ಟೂಲು. ಟೀ ಅರ್ಧ ಮುಗಿದಿತ್ತು. ಲೋಟ ಕೆಳಗಿಟ್ಟು, ಸ್ಟೂಲಿನ ಕಡೆಗೇ ನೋಡುತ್ತ ಮೆಲ್ಲಗೆ ಹೇಳಿದಳು:

“ಹೊಲದಾಗೆ ಇಟ್ಕೊಂಡೋರನ್ನೆಲ್ಲ ಹೆಂಗೈತೆ, ಹೆಂಗೈತೆ ಅಂತ ಕೇಳಿದ್ರಿ. ಕೈಯಾಗೆ ಹಿಡಿದು ಬೆಸೆದೋರನ್ನ ಒಂದಿನಾನೂ ಕೇಳ್ಲಿಲ್ಲ.”

ತಿಪ್ಪೇರುದ್ರಸ್ವಾಮಿ ಪುಸ್ತಕದ ಹೊಸ ಹಾಳೆ ತಿರುವಿದರು. ಅವಳು ಅಂದದ್ದನ್ನು ಅಂದ ಹಾಗೆಯೇ ಬರೆದರು.

“ಇಷ್ಟೇನಾ?”

“ಇಷ್ಟೇರಿ.”

ಶನಿವಾರ ಗಾಡಿ ಹೋಗಲಿಲ್ಲ. ಸತೀಶ್ ಜಗಳೂರಿಗೆ ಫೋನ್ ಮಾಡಿ ಹತ್ತು ದಿನ ಕೇಳಿಕೊಂಡ. ಕಸ್ತೂರಮ್ಮನೂ ಆ ಹತ್ತು ದಿನ ಕೆಲಸಕ್ಕೆ ನಿಂತಳು. ಕಣ್ಣು ಚೈತ್ರಾಳದು, ಬೆರಳು ಕಸ್ತೂರಮ್ಮನದು. ಇನ್ನೂರಕ್ಕೂ ತಂತಿ ಬಿತ್ತು. ಸತೀಶ್ ನಕ್ಷೆಯಲ್ಲಿ ಆ ಗೆರೆಯನ್ನು ದಪ್ಪ ಮಾಡಿ, ಇದು ಸಾಕೇ ಎಂದು ಒಳಕೋಣೆಗೆ ಬಂದು ಕೇಳಿ ಹೋದ.

ಹತ್ತನೇ ದಿನ ಡಬ್ಬಿಗೆ ಅಂಟಿಸುವ ಚೀಟಿಗಳು ಪ್ರೆಸ್ಸಿನಿಂದ ಬಂದವು. ತಿಪ್ಪೇರುದ್ರಸ್ವಾಮಿ ಮೊದಲನೆಯದನ್ನು ಅವಳ ಕೈಗೆ ಕೊಟ್ಟರು. ಅವಳು ಅದನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಬಾಗಿಲ ಬೆಳಕಿಗೆ ಒಯ್ದಳು. ತನ್ನದೇ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡಳು.

“ಅಲ್ರಿ, ಇಷ್ಟು ಸಣ್ಣಕೆ ಬರೆಸಿದ್ರೆ ನನ್ನಂಥೋರು ಹೆಂಗೆ ಓದಾಕೆ ಆಗತೈತೆ? ಇದನ್ನಾದ್ರೂ ಕೇಳಬಾರದಿತ್ತಾ?” ಅಂದಳು.

ತಿಪ್ಪೇರುದ್ರಸ್ವಾಮಿ ಕನ್ನಡಕ ಹಾಕಿಕೊಂಡು ಪುಸ್ತಕಕ್ಕೆ ಕೈ ಚಾಚಿದರು.