ಬಿಸಿಲಿನ ಕಾವಲುಗಾರ

ಆಹಾ, ಆ ಅಪರಾಹ್ನ! ಆಂಧ್ರದ ಗಡಿಗಂಟಿದ ಪಾವಗಡ ಸೀಮೆಯ ರಾಯಚರ್ಲಿನ ಬಯಲಿನ ಮೇಲೆ ಭಾಸ್ಕರನು ಸುವರ್ಣಕಿರಣಗಳನ್ನು ಧಾರೆಧಾರೆಯಾಗಿ ಸುರಿಯುತ್ತಿದ್ದನು. ಒಂದು ಕಾಲಕ್ಕೆ ಕಡ್ಲೆಕಾಯಿ ಬಳ್ಳಿ ಹಬ್ಬಿದ್ದ ಮಣ್ಣಿನ ಮೇಲೆ ಈಗ ಕಣ್ಣು ಹಾಯುವಷ್ಟು ದೂರವೂ ಸೋಲಾರ್ ಫಲಕಗಳ ನೀಲಿಗಾಜು, ಅಲೆಯಿಲ್ಲದ ಸಾಗರದಂತೆ... ಸಹೃದಯರೇ, ಆ ಸಾಗರ ಹಡೆದ ಬೆಳಕೆಲ್ಲ ದೂರದ ನಗರಗಳ ಸೌಧಗಳಿಗೆ. ನಮ್ಮೂರಿಗೆ ಮಾತ್ರ ಸಂಜೆಯಾದರೆ ಕರೆಂಟಿಲ್ಲ! ಇರಲಿ, ಬೆಂಕಿ ಕಾರಲು ಇದು ವೇಳೆಯಲ್ಲ. ಇದು ಪ್ರೇಮಕಥೆ.

ಈ ಸಾಗರದ ಕಾವಲುಗಾರ ದೇವರಾಜು. ಕೊರಳಲ್ಲಿ ಸೀಟಿ, ಎದೆಯೊಳಗೆ ಸೋದರಮಾವ ಅಡವಯ್ಯನ ಮಗಳು ವನಜಾಕ್ಷಿ. ಅವಳ ನೆನಪೊಂದು ಹನಿದರೂ ಸಾಕು, ಮೊದಲ ಮಳೆ ಬಿದ್ದ ಮಣ್ಣಿನಂತೆ ಕಂಪಿಡುವ ಹೃದಯ ಅವನದು! ಆದರೆ ಹೊಲವನ್ನು ಗಾಜಿಗೆ ಗುತ್ತಿಗೆ ಕೊಟ್ಟು ಕುರಿ ಕಾಯತೊಡಗಿದ್ದ ಅಡವಯ್ಯನಿಗೆ ಒಂದೇ ಅನುಮಾನ: ಇದೂ ಒಂದು ಕೆಲಸವೇ? ಕಣ್ಣಾರೆ ಕಂಡರಷ್ಟೇ ಹೆಣ್ಣು ಕೊಡುವುದೆಂದು, ಆ ದಿನ ಮಗಳನ್ನೂ, ಮೇಯಲೆಂದು ಒಂದು ಟಗರನ್ನೂ ಕರೆದುಕೊಂಡು ಬಂದೇಬಿಟ್ಟನು. ಫಲಕಗಳ ಸಾಲಿನ ನಡುವಣ ಹುಲ್ಲಿಗೆ ಕುರಿ ಬಿಡುವುದು ಅಲ್ಲಿ ವಾಡಿಕೆ.

“ಏಮಿರಾ ದೇವರಾಜು, ಏನ್ ಕಾಯ್ತೀಯ ಇಲ್ಲಿ?”

“ಬಿಸಿಲು ಹಿಡಿಯೋ ಪ್ಲೇಟು, ಮಾವ.”

“ಬಿಸಿಲ್ನ ಯಾವನ್ಲಾ ಕದೀತಾನೆ? ಪಾವಗಡದಾಗೆ ಪುಕ್ಸಟ್ಟೆ ಕೊಡ್ತೀನಂದ್ರೂ ಯಾರೂ ತಗಳಾಕಿಲ್ಲ!”

ವನಜಾಕ್ಷಿ ದುಪಟ್ಟಾದ ಅಂಚು ಕಚ್ಚಿ ನಗು ತಡೆದಳು. ದೇವರಾಜುವಿನ ಮುಖ ಗ್ರಹಣ ಹಿಡಿದ ಚಂದ್ರಬಿಂಬವಾಯಿತು.

“ಅಂಗಲ್ಲ ಮಾವ...”

“ಹೆಂಗೂ ಅಲ್ಲ ಬುಡು. ನಡಿಯಮ್ಮ, ಮನೆಗೋಗಾನ.”

ಅಷ್ಟರಲ್ಲಿ, ಅಯ್ಯೋ! ಗಾಜಿನಲ್ಲಿ ಟಗರಿಗೆ ಇನ್ನೊಂದು ಟಗರು ಕಂಡಿತು. ಅದೇ ಕೊಂಬು, ಅದೇ ಪೊಗರು, ಅದೇ ಉರಿನೋಟ... ಯಾವ ಶೂರ ಸಹಿಸಿಯಾನು! ಅದು ಹಿಂದೆ ಸರಿದು, ಕಾರ್ಮುಗಿಲ ಸಿಡಿಲಿನಂತೆ ನುಗ್ಗಿತು. ಗಾಜು ಒಡೆದರೆ ಕೆಲಸ ಹೋಯಿತು. ಕೆಲಸ ಹೋದರೆ ವನಜಾಕ್ಷಿ ಹೋದಳು! ದೇವರಾಜು ಸೀಟಿ ಬಾಯಿಗಿಟ್ಟು ಫಲಕದ ಮುಂದೆ ಹಾರಿ ನಿಂತನು. ಗುದ್ದು ಹೊಟ್ಟೆಗೇ ಬಿತ್ತು. ಒಳಗಿದ್ದ ಉಸಿರೆಲ್ಲ ಸೀಟಿಯಿಂದ ಹೊರಟು ಬಯಲೆಲ್ಲ ಮೊಳಗಿತು. ನಮ್ಮ ನಾಯಕ ಧೂಳಿನಲ್ಲಿ ಕುಸಿದು ಕೂತನು. ಗಾಜಿಗೆ ಒಂದು ಗೀರೂ ಇಲ್ಲ!

ಅಡವಯ್ಯ ಟಗರಿನ ಕೊಂಬು ಹಿಡಿದುಕೊಂಡು, ಒಮ್ಮೆ ಗಾಜನ್ನೂ ಒಮ್ಮೆ ಅಳಿಯನನ್ನೂ ನೋಡಿದನು. “ಓರಿ ದೇವುಡಾ... ಕೆಲ್ಸ ಐತೆ ಕಣಮ್ಮ ಇವನಿಗೆ!”

ವನಜಾಕ್ಷಿಯ ನಗು ಕಟ್ಟೆಯೊಡೆಯಿತು. ಅವಳು ಬಾಗಿ ಕೈ ನೀಡಿದಳು.

“ಏಳು ಭಾವ. ಮದ್ವೆ ಹೊತ್ಗಾದ್ರೂ ನೆಟ್ಟಗೆ ನಿಂತ್ಕತೀಯ ತಾನೆ?”

ಏಳಲು ಅವನಿಂದಾಗಲಿಲ್ಲ. ಅವಳೇ ಕೂತಳು.

ಧೀರೋದಾತ್ತನಾಗಿ ನಿಂತು ಒಲಿಸಬೇಕೆಂದು ಮನುಷ್ಯ ಜೀವಮಾನವಿಡೀ ಸಿದ್ಧನಾಗುತ್ತಾನೆ. ಒಲವಾದರೋ, ಅವನು ಮೈಯೆಲ್ಲ ಮಣ್ಣಾಗಿ ಉಸಿರಿಗೆ ಪರದಾಡುವ ಗಳಿಗೆಯನ್ನೇ ಆರಿಸಿಕೊಂಡು, ಕಿಸಕ್ಕೆಂದು ನಗುತ್ತಾ ಬಂದು ಪಕ್ಕದಲ್ಲಿ ಕೂರುತ್ತದೆ...