ಅತ್ತೆಯ ಶಾಲು ಜಿಲ್ಲೆ ತಿರುಗಿದ್ದು

ನನ್ನ ಗಂಡ ವೈಜಿನಾಥ ಒಂದು ಸೇವಾ ಕ್ಲಬ್ಬಿನ ಕಾರ್ಯದರ್ಶಿ. ಮನೆಗೆ ಮಾರಿ ಊರಿಗೆ ಉಪಕಾರಿ ಎಂಬ ಗಾದೆ ಮಾಡಿದವರು ಬೀದರಿಗೆ ಬಂದು ಇವರನ್ನು ನೋಡಿಯೇ ಮಾಡಿರಬೇಕು. ಮನೆಯ ನಲ್ಲಿ ಸೋರುತ್ತಿದ್ದರೆ ಅದಕ್ಕೊಂದು ವಾಷರ್ ತಂದು ಹಾಕಲು ಇವರಿಗೆ ಪುರಸೊತ್ತಿಲ್ಲ. ಡಾಬಕಾ ಕ್ರಾಸಿನಲ್ಲಿ ಬಸ್ಸಿಗೆ ಕಾಯುವವರಿಗೆ ಕುಡಿಯಲು ನೀರಿಲ್ಲ ಎಂದರೆ ಮಾತ್ರ ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ.

ಕ್ಲಬ್ಬಿನ ಹೆಸರು ಸ್ನೇಹಸೇತು. ಬೇಸಿಗೆ ಬಂತೆಂದರೆ ಇವರದು ಮೂರು ಕೂಟ. ಮೊದಲು ಬೀದರ, ಆಮೇಲೆ ಭಾಲ್ಕಿ, ಕೊನೆಗೆ ಔರಾದ. ಪ್ರತಿ ಕೂಟದಲ್ಲೂ ಪೂರಿ, ಮಾವಿನ ಸೀಕರಣೆ, ಭಾಷಣ, ಆ ಕ್ರಾಸಿನಲ್ಲಿ ಕುಡಿಯುವ ನೀರಿನ ಅರವಟ್ಟಿಗೆಗೆಂದು ಚಂದಾ ಎತ್ತುವುದು, ಚಂದಾ ಕೊಟ್ಟವರಿಗೆ ಶಾಲು ಹೊದಿಸಿ ಸನ್ಮಾನ. ಹೋದ ವರ್ಷ ಎತ್ತಿದ ಚಂದಾ ಶಾಲಿಗೂ ಹಾರಕ್ಕೂ ಸೀಕರಣೆಗೂ ಬರೋಬ್ಬರಿ ಸರಿಹೋಯಿತು. ಅರವಟ್ಟಿಗೆಯ ಪಾಲಿಗೆ ಉಳಿದದ್ದು ಒಂದು ಮಣ್ಣಿನ ಮಡಕೆ, ಅದರ ಮೇಲೆ ಕ್ಲಬ್ಬಿನ ಹೆಸರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾನು ಮುಖದ ಮೇಲೆಯೇ ಹೇಳಿದೆ. ಇವರು ಸಿಟ್ಟಿನಿಂದ ಎರಡು ದಿನ ಮಾತು ಬಿಟ್ಟರು, ಊಟ ಬಿಡಲಿಲ್ಲ.

ಈ ವರ್ಷ ಅಧ್ಯಕ್ಷ ಶಿವರಾಜಪ್ಪನವರಿಗೆ ಬುದ್ಧಿ ಬಂತು. ಅವರದು ಬೀದರಿನಲ್ಲಿ ಹಾರ್ಡ್‌ವೇರ್ ಅಂಗಡಿ. ನಮ್ಮ ಹಳ್ಳಿಯವರೇ, ಆದರೆ ಸಣ್ಣವರಿದ್ದಾಗಲೇ ಹಾಸ್ಟೆಲ್ ಸೇರಿ ಊರು ಬಿಟ್ಟವರು. ಊರೆಂದರೆ ಅವರಿಗೆ ಒಂದು ಹೊಲ ಮತ್ತು ಒಂದು ಓಟು, ಅಷ್ಟೇ. ನಮ್ಮ ಮನೆಯ ಪಡಸಾಲೆಯಲ್ಲೇ ಕೂತು, ನನ್ನ ಕೈಯ ಚಹಾ ಕುಡಿಯುತ್ತಲೇ ಆಜ್ಞೆ ಮಾಡಿದರು.

"ಈ ಸಲ ಶಾಲ್ ಯಾರೂ ಕೊಳ್ಳಾಂಗಿಲ್ರಿ. ಎಲ್ಲಾರ ಮನ್ಯಾಗೂ ಸನ್ಮಾನದ ಶಾಲ್ ಗಂಟ್ ಕಟ್ಟಿ ಬಿದ್ದಾವ. ಅವನ್ನೇ ತರ್ರಿ. ಇವತ್ತ ಹೊದ್ದವರು ಮುಂದಿನ ಕೂಟಕ್ಕ ಹೊಳ್ಳಿ ತಂದು ಕೊಡ್ರಿ. ಉಳಿದ ರೊಕ್ಕ ಸೀದಾ ಅರವಟ್ಟಿಗಿಗಿ!"

ಮಾತು ಖರೆ. ನಮ್ಮ ಕಡೆ ನಿವೃತ್ತಿಯಾದರೆ ಶಾಲು, ಗೃಹಪ್ರವೇಶಕ್ಕೆ ಶಾಲು, ಚುನಾವಣೆ ಗೆದ್ದವನಿಗೆ ಶಾಲು, ಸೋತವನಿಗೆ ಸಮಾಧಾನಕ್ಕೆ ಶಾಲು. ಮೇ ತಿಂಗಳ ಬಿಸಿಲಿನಲ್ಲಿ ಉಣ್ಣೆ ಶಾಲು ಹೊದ್ದು, ಬೆವರು ಸುರಿಸುತ್ತ, ನಗುತ್ತ ಫೋಟೋಕ್ಕೆ ನಿಲ್ಲುವ ಜನ ಬೇರೆ ಎಲ್ಲೂ ಸಿಗಲಿಕ್ಕಿಲ್ಲ. ನಮ್ಮ ಕಪಾಟಿನ ಮೇಲಿನ ಎರಡು ಖಾನೆ ತುಂಬ ಇವರ ಶಾಲುಗಳೇ. ಕೆಳಗಿನ ಖಾನೆಯಲ್ಲಿ ನನ್ನ ಅತ್ತೆ ಕಾಂತಾಬಾಯಿಯವರ ಶಾಲು. ಒಂದೇ ಒಂದು.

ಅತ್ತೆ ನಮ್ಮ ಹಳ್ಳಿಯಲ್ಲಿ ಸೂಲಗಿತ್ತಿಯಾಗಿದ್ದವರು. ಊರಿನ ಅರ್ಧ ಜನ ಅವರ ಕೈಯಲ್ಲಿ ಹುಟ್ಟಿದವರು. ಬೇನೆ ಶುರುವಾದರೆ ಓಡಿ ಬಂದು ಕರೆಯುತ್ತಿದ್ದರು. ಕೂಸು ಅತ್ತ ಮೇಲೆ, ಅತ್ತೆ ಹೊರಗೆ ಕಾಲಿಟ್ಟ ಕೂಡಲೆ, ನಮ್ಮ ಜಾತಿ ಮುಟ್ಟಿದರೆ ಮೈಲಿಗೆಯೆಂದು, ಅವರು ಮುಟ್ಟಿದ ಹೊಸ್ತಿಲಿಗೆ ನೀರು ಹಾಕುತ್ತಿದ್ದರು. ವಯಸ್ಸಾಗಿ ಕೆಲಸ ಬಿಟ್ಟ ದಿನ ಊರ ಹೆಂಗಸರು ಅವರನ್ನು ಚಾವಡಿಯ ಮುಂದೆ ಕೂರಿಸಿ, ಎಲ್ಲರ ಎದುರಿಗೆ ಮೈಮುಟ್ಟಿ ಶಾಲು ಹೊದಿಸಿದರು. ಇಟ್ಟಿಗೆ ಬಣ್ಣ, ಹಸಿರು ಅಂಚು. ಒಮ್ಮೆ ಇಲಿ ಕಡಿದ ಮೂಲೆಗೆ ಅತ್ತೆ ನೀಲಿ ದಾರದಲ್ಲಿ ಹೊಲಿಗೆ ಹಾಕಿದ್ದಾರೆ. ವರ್ಷಕ್ಕೊಮ್ಮೆ, ಬುದ್ಧ ಪೌರ್ಣಿಮೆಯ ದಿನ, ಬಿಳಿ ಸೀರೆಯ ಮೇಲೆ ಅದನ್ನು ಹೊದ್ದು ಬುದ್ಧ ವಿಹಾರಕ್ಕೆ ಹೋಗುತ್ತಾರೆ. ಆ ದಿನ ಅವರ ನಡಿಗೆಯೇ ಬೇರೆ.

ಅತ್ತೆ ಖಟಕ ಚಿಂಚೋಳಿಯ ಮಗಳ ಮನೆಗೆ ಹೋಗಿದ್ದರು, ಪೌರ್ಣಿಮೆಯ ಹಿಂದಿನ ದಿನ ಬರುವವರಿದ್ದರು. ನಾನು ಕಲಿಸುವ ಸಾಲೆಗೆ ಬೇಸಿಗೆ ಸೂಟಿ ಇತ್ತಲ್ಲ, ಮೇಡಂಗಿರಿ ಬಿಟ್ಟು ಶಾಲನ್ನು ಕೈಯಿಂದ ಒಗೆದು, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ, ಧೂಳು ಹತ್ತದಿರಲಿ ಎಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟೆ. ಭಾಲ್ಕಿ ಕೂಟದ ದಿನ ಮುಂಜಾನೆ ಕಪಾಟು ತೆರೆದರೆ ಖಾನೆ ಖಾಲಿ. ಇವರು ಅಷ್ಟೊತ್ತಿಗಾಗಲೇ ಕೂಟಕ್ಕೆ ಹೋಗಿದ್ದರು. ಫೋನ್ ಹಚ್ಚಿದೆ.

"ಏನ್ರೀ, ಹೋದ ವಾರ ಬೀದರ ಕೂಟಕ್ಕ ಯಾವ ಶಾಲ್ ಒಯ್ದೀರಿ?"

"ಅದೇ, ಕವರಿನ್ಯಾಗ ಇತ್ತಲ್ಲ, ಹೊಸಾದು. ಭಾಲ್ಕಿ ಹಾವಗೆಪ್ಪನವ್ರಿಗಿ ಹೊದಿಸ್ದೆವು. ದೊಡ್ಡ ಚಂದಾ ಕೊಟ್ಟಾರ, ಹಳೇದು ಹ್ಯಾಂಗ ಹೊದಿಸ್ಬೇಕು?"

"ಹೊಸಾದಲ್ರೀ, ನಿಮ್ಮವ್ವಂದು!"

"ಮೈಕ್ ಟೆಸ್ಟ್ ಮಾಡ್ಲಾಕ ಕರೀಲಾಕತ್ತಾರ" ಎಂದು ಫೋನ್ ಇಟ್ಟುಬಿಟ್ಟರು, ಮತ್ತೆ ಹಚ್ಚಿದರೆ ಎತ್ತಲೇ ಇಲ್ಲ. ನನಗೆ ಮೈಯೆಲ್ಲ ಉರಿಯಿತು. ಕಣ್ಣಿಗೆ ಚಷ್ಮಾ ಹಾಕಿಕೊಂಡು ಕಪಾಟು ತೆರೆದರೆ ಇವರ ಗಂಟೇನು ಹೋಗುತ್ತಿತ್ತು?

ಅತ್ತೆ ಬೈಯುವವರಾಗಿದ್ದರೆ ನನಗೆ ಚಿಂತೆ ಇರಲಿಲ್ಲ. ಬೈದರೆ ತಿರುಗಿ ಎರಡು ಮಾತು ಆಡಬಹುದು, ನನಗೂ ಬಾಯಿ ಇದೆ. ಅವರು ಬೈಯುವುದಿಲ್ಲ. "ಇರ್ಲಿ ಬಿಡು" ಎನ್ನುತ್ತಾರೆ. ಜೀವಮಾನದಲ್ಲಿ ಎಷ್ಟಕ್ಕೆಲ್ಲ ಹಾಗೆಂದು ಸುಮ್ಮನಾದವರು! ಈ ಒಂದಕ್ಕೂ ಹಾಗೇ ಅಂದುಬಿಟ್ಟರೆ ನಾನು ತಾಳಲಾರೆ. ಹೊದಿಸಿದ ಶಾಲನ್ನು ಫೋನಿನಲ್ಲಿ ಮರಳಿ ಕೇಳುವುದೂ ಮರ್ಯಾದೆಯಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಅಂಗಡಿಯಲ್ಲಿ ಅದೇ ಬಣ್ಣದ ಒಂದು ಶಾಲು ಕೊಂಡು, ಚೀಲದಲ್ಲಿ ಹಾಕಿಕೊಂಡು, ಹಾವಗೆಪ್ಪನವರು ಅದನ್ನು ಕೂಟಕ್ಕೆ ಒಯ್ಯುವ ಮೊದಲೇ ಅವರ ಮನೆಯಲ್ಲಿ ಅದಲು ಬದಲು ಮಾಡಿ ತರುವುದೆಂದು ಭಾಲ್ಕಿ ಬಸ್ಸು ಹತ್ತಿದೆ.

ಹಾವಗೆಪ್ಪನವರು ಧಾನ್ಯದ ಅಡತಿ ವ್ಯಾಪಾರಿ. ಮನೆಯಲ್ಲಿ ಅವರ ಹೆಂಡತಿ ಸುಂದರಬಾಯಿ ಒಬ್ಬರೇ ಇದ್ದರು. ಮಜ್ಜಿಗೆ ಕೊಟ್ಟರು, ಮಾವಿನಕಾಯಿ ಚಟ್ನಿ ತಿನ್ನಿಸಿದರು, ಸೊಸೆಯ ಮೇಲಿನ ದೂರೆಲ್ಲ ಹೇಳಿದರು. ನಾನು ಹೂಂ ಹೂಂ ಎನ್ನುತ್ತ ಮೆಲ್ಲಗೆ ಶಾಲಿನ ಮಾತು ತೆಗೆದೆ.

"ಅಯ್ಯ, ಆ ಶಾಲ್ ಏನ್ರಿ? ನಮ್ಮವ್ರು ಒಂದ್ ವಾರ ಅದನ್ನೇ ಹೆಗಲ ಮ್ಯಾಲ ಹಾಕ್ಕೊಂಡು ಅಡತಿಗಿ ಹೋಗ್ಯಾರ. ಬೆವರ ಒರಸ್ಲಾಕ ಛಲೋ ಅದ ಅಂತ. ಇವತ್ತ ಕೂಟಕ್ಕ ಒಯ್ದ್ರು ನೋಡ್ರಿ."

ಉರಿಬಿಸಿಲಿನಲ್ಲಿ ಸಭಾಗೃಹಕ್ಕೆ ಓಡಿದೆ. ಕೂಟ ಮುಗಿದು ಎಂಜಲೆಲೆ ಎತ್ತುತ್ತಿದ್ದರು. ಶಾಲು ಕುತುಬೋದ್ದೀನ ಸಾಹೇಬರಿಗೆ ಹೋಯಿತೆಂದರು. ಅವರು ಭಾಲ್ಕಿಯ ನಿವೃತ್ತ ಹೆಡ್‌ಮಾಸ್ಟರು, ಗಡಿಯಾರ ನೋಡಿ ಗಂಟೆ ಹೊಡೆಸದೆ ತಮ್ಮ ಸಾಲೆಯ ಗಂಟೆ ಕೇಳಿ ಊರಿನ ಗಡಿಯಾರ ತಿದ್ದಿಸಿದವರೆಂದು ಹೆಸರು. ಮನೆಗೆ ಹೋದರೆ ಬಾಗಿಲಲ್ಲೇ ಅತ್ತರಿನ ಘಮ.

"ಬರ್ರಿ ಬೇಟಿ, ಕೂಡ್ರಿ. ಶಾಲ್? ಸಿಕ್ಕಿತ್ತು, ಭಾಳ ಛಲೋ ಶಾಲ್. ಹೊದ್ಕೊಂಡೇ ಊಟಾ ಮಾಡಿದೆ, ಜರಾ ಸೀಕರಣಿ ಬಿತ್ತು. ಆದ್ರ ನಿಯಮ ಅಂದ್ರ ನಿಯಮ. ಮುಂದಿನ ಕೂಟಕ್ಕ ಕೊಡ್ಬೇಕು ಅಂದ್ರಲ್ಲ, ಅಲ್ಲೇ ಔರಾದ ಸುಶೀಲಕುಮಾರಗ ಕೊಟ್ಟು ಕಳಿಸ್ದೆ."

ಇಷ್ಟು ನಿಯತ್ತಿನ ಮನುಷ್ಯನ ಮೇಲೆ ಎಂದೂ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ಒಂದು ರಾತ್ರಿ ಮನೆಯಲ್ಲಿಟ್ಟುಕೊಂಡಿದ್ದರೆ ಏನಾಗುತ್ತಿತ್ತು?

ಸುಶೀಲಕುಮಾರ ಕ್ಲಬ್ಬಿನ ಖಜಾಂಚಿ. ಫೋನ್ ಮಾಡಿದರೆ, "ಎಲ್ಲಾ ಶಾಲ್ ಗಂಟ್ ಕಟ್ಟಿ ಇಟ್ಟೇನ್ರಿ ಮೇಡಂ. ನಿಮ್ಮದು ಯಾವ್ದು ನನಗ ಹ್ಯಾಂಗ ಗೊತ್ತಾಗ್ಬೇಕು? ಔರಾದಕ್ಕ ಬರ್ರಿ, ನೋಡಿ ತಗೋರಿ" ಎಂದ. ಔರಾದ ಕೂಟ ಇದ್ದದ್ದು ಪೌರ್ಣಿಮೆಯ ಹಿಂದಿನ ದಿನ, ಅತ್ತೆ ಬರುವ ದಿನವೇ.

ನಾನು ಇವರಿಗೆ ಬಿಡಿಸಿ ಬಿಡಿಸಿ ಹೇಳಿದ್ದೆ: ನಾನು ಬಸ್ಸಿನಲ್ಲಿ ಔರಾದಕ್ಕೆ ಹೋಗಿ ಶಾಲು ತರುತ್ತೇನೆ, ನೀವು ಅವ್ವನನ್ನು ಖಟಕ ಚಿಂಚೋಳಿಯಿಂದ ಕಾರಿನಲ್ಲಿ ಕರೆದುಕೊಂಡು ಸೀದಾ ಬೀದರದ ಮನೆಗೆ ಬಿಡಿ, ಆಮೇಲೆ ಕೂಟಕ್ಕೆ ಬನ್ನಿ. ಹೂಂ ಎಂದು ಗೋಣು ಹಾಕಿದ್ದರು. ಔರಾದದ ತಗಡಿನ ಹಾಲಿನೊಳಗೆ ಕಾಲಿಡುತ್ತೇನೆ, ಮುಂದಿನ ಸಾಲಿನಲ್ಲಿ ಫ್ಯಾನಿನ ಕೆಳಗೆ ಅತ್ತೆ ಕೂತು ಎಳನೀರು ಕುಡಿಯುತ್ತಿದ್ದಾರೆ!

"ಮೈಕ್ ಸೆಟ್ ಡಿಕ್ಕಿನ್ಯಾಗ ಇತ್ತಲ್ಲ" ಎಂದು ಇವರು ನನ್ನ ಕಣ್ಣು ತಪ್ಪಿಸಿದರು. "ಮನಿಗಿ ಹೋಗಿ ಬಂದ್ರ ಲೇಟ್ ಆಗ್ತಿತ್ತು. ಅವ್ವಗ ಸೀಕರಣಿ ಭಾಳ ಸೇರ್ತದ."

"ಸೀಕರಣಿ ನಿಮ್ಮ ತಲಿ ಮ್ಯಾಲ ಸುರೀಲಿ!" ಎಂದು ನಾನು ವೇದಿಕೆಯ ಹಿಂದಕ್ಕೆ ಓಡಿದೆ.

ಸುಶೀಲಕುಮಾರನ ಗಂಟು ಬಿಚ್ಚಿ ಒಂದೊಂದೇ ಶಾಲು ಕೊಡವಿ ನೋಡಿದೆ. ಇಲ್ಲ. ಆತ ತಣ್ಣಗೆ ಹೇಳಿದ: "ಹಸ್ರ ಅಂಚಿಂದೇನ್ರಿ? ಅದನ್ನ ಮುಖ್ಯ ಅತಿಥಿಗಿ ಅಂತ ತಾಟಿನ್ಯಾಗ ಇಟ್ಟೇವಿ. ಎಲ್ಲಾದ್ರಾಗ ಅದ್ರದ್ದೇ ಬಣ್ಣ ಎದ್ದು ಕಂಡ್ತು."

ಬಣ್ಣ ಮಾಸದಂತೆ ನೆರಳಲ್ಲಿ ಒಣಗಿಸಿದ್ದೇ ನನಗೆ ಮುಳುವಾಯಿತು. ಚೀಲದಿಂದ ಹೊಸ ಶಾಲು ತೆಗೆದು, ವೇದಿಕೆಯ ಮೂಲೆಯಲ್ಲಿದ್ದ ತಾಟಿನ ಕಡೆ ಕೈ ಚಾಚಿದ್ದೆ, ಅಷ್ಟರಲ್ಲಿ ಶಿವರಾಜಪ್ಪನವರ ಫೋನ್ ಬಡಿದುಕೊಂಡಿತು. ಮುಖ್ಯ ಅತಿಥಿ ಒಬ್ಬ ನಿವೃತ್ತ ಎಂಜಿನಿಯರ್. ಬಿಸಿಲಿಗೆ ತಲೆ ಸುತ್ತುತ್ತಿದೆ, ಬರಲಾಗುವುದಿಲ್ಲ ಎಂದರಂತೆ. ಹಾರ ಬಾಡುತ್ತಿತ್ತು, ಫೋಟೋದವನು ಒಂದು ಮದುವೆಗೆ ಹೋಗಬೇಕೆಂದು ಚಡಪಡಿಸುತ್ತಿದ್ದ. ಶಿವರಾಜಪ್ಪನವರು ಹಾಲಿನ ಮೇಲೆ ಒಮ್ಮೆ ಕಣ್ಣಾಡಿಸಿದರು. ಮುಂದಿನ ಸಾಲಿನಲ್ಲಿ ಬಿಳಿಗೂದಲಿನ ಒಂದೇ ತಲೆ.

"ನಮ್ಮ ಕಾರ್ಯದರ್ಶಿಯವರ ಮಾತೋಶ್ರೀ ಕಾಂತಾಬಾಯಿಯವರು ವೇದಿಕಿಗಿ ಬರ್ಬೇಕು!"

ಇವರು ಅವ್ವನ ಕೈಹಿಡಿದು ಮೇಲೆ ಕರೆತಂದರು. ಸುಶೀಲಕುಮಾರ ನನ್ನ ಕೈಯಡಿಯಿಂದಲೇ ತಾಟು ಎತ್ತಿಕೊಂಡು ಹೋದ. ಶಿವರಾಜಪ್ಪನವರು ಕಿಸೆಯಿಂದ ಚೀಟಿ ತೆಗೆದು ಎಂಜಿನಿಯರ್ ಸಾಹೇಬರಿಗೆ ಬರೆದ ಹೊಗಳಿಕೆಯನ್ನೇ ಓದತೊಡಗಿದರು. "ಇವರು ಈ ಭಾಗದಾಗ ಎಷ್ಟೋ ಸೇತುವಿ ಕಟ್ಟಿಸ್ಯಾರ, ಎಷ್ಟೋ ಬೋರ್‌ವೆಲ್ ಕೊರೆಸ್ಯಾರ..." ಹಾಲಿನಲ್ಲಿ ನಗು ಎದ್ದಿತು. ಅವರು ಚೀಟಿ ಕಿಸೆಗೆ ತುರುಕಿ, ಬೆವರೊರೆಸಿಕೊಂಡು, "ಒಟ್ಟಿನ ಮ್ಯಾಲ ಭಾಳ ಸೇವಾ ಮಾಡ್ಯಾರ" ಎಂದು ಶಾಲು ಬಿಚ್ಚಿ ಅತ್ತೆಯ ಹೆಗಲಿಗೆ ಹೊದಿಸಿದರು.

ಅತ್ತೆಯ ಕೈ ತಾನಾಗಿ ಮೂಲೆಗೆ ಹೋಯಿತು. ನೀಲಿ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿತು, ನಿಂತಿತು. ನಾನು ಪರದೆಯ ಹಿಂದೆ ಕಣ್ಣು ಮುಚ್ಚಿಕೊಂಡೆ. ಈಗ ಅನ್ನುತ್ತಾರೆ, ಇರ್ಲಿ ಬಿಡು.

ಅನ್ನಲಿಲ್ಲ. ಮೈಕು ಕೇಳಿದರು. ಹುಟ್ಟಿದಾಗಿನಿಂದ ಮೈಕು ಹಿಡಿದವರಲ್ಲ.

"ಶಿವರಾಜಾ" ಎಂದರು. ಅಧ್ಯಕ್ಷರನ್ನು ಹಾಗೆ ಕರೆದವರನ್ನು ಕ್ಲಬ್ಬು ಕಂಡಿರಲಿಲ್ಲ. "ನೀ ಹುಟ್ಟಿದಾಗ ನಿನ್ನ ಮೊದ್ಲ ಎತ್ಕೊಂಡಾಕಿ ನಾ. ಅಳ್ಳಿಲ್ಲ ನೀ. ಕುಂಡಿಗಿ ಬಾರಿಸಿದ ಮ್ಯಾಲ ಬಾಯಿ ತೆರ್ದಿ. ತೆರ್ದ ಬಾಯಿ ಇವತ್ತಿನತನ ಮುಚ್ಚಿಲ್ಲ."

ತಗಡು ಹಾರುವಷ್ಟು ನಗು. ಶಿವರಾಜಪ್ಪನವರೂ ನಕ್ಕರು. ಅತ್ತೆ ನಗಲಿಲ್ಲ.

"ಈ ಶಾಲ್ ನಂದೇ ಅದ. ಚಾವಡಿ ಮುಂದ ಇದನ್ನ ನನಗ ಹೊದಿಸಿದಾಕಿ ಯಾರು ಗೊತ್ತೇನು? ನಿಮ್ಮವ್ವ ದಾನಮ್ಮ. ಮನ್ಯಾಗ ಎಲ್ಲಾರೂ ಬ್ಯಾಡ ಅಂದ್ರು. ಬಸವಣ್ಣನ ಹೆಸರ ತಗೊಂಡು ಕಾಂತಾಗ ಮುಟ್ಲಿಲ್ಲಂದ್ರ ನಾ ಎಂಥಾ ಶರಣಿ ಅಂತ ಬಂದು, ಹೊದಿಸಿ, ತೆಕ್ಕಿಗಿ ತಗೊಂಡ್ಳು. ಆಕಿ ಹೊದಿಸಿದ್ದನ್ನ ಇವತ್ತ ಆಕಿ ಮಗ ಮತ್ತ ಹೊದಿಸ್ದ. ಕಪಾಟಿನ್ಯಾಗ ಇದ್ದದ್ದು ಇಲ್ಲಿಗಿ ಹ್ಯಾಂಗ ಬಂತು, ಅದನ್ನ ನನ್ನ ಮಗಗ ಮನಿಗಿ ಹೋಗಿ ಕೇಳ್ತೇನಿ."

ಎಲ್ಲರೂ ಇವರ ಕಡೆ ತಿರುಗಿದರು. ಇವರು ಮೈಕಿನ ವಯರು ಸರಿಮಾಡುವವರಂತೆ ನೆಲಕ್ಕೆ ಬಗ್ಗಿದರು. ಶಿವರಾಜಪ್ಪನವರು ಅತ್ತೆಯ ಎರಡೂ ಕೈ ಹಿಡಿದುಕೊಂಡು ನಿಂತುಬಿಟ್ಟರು. ತಾಯಿ ಹಾಗೆ ಮಾಡಿದ್ದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಅಧ್ಯಕ್ಷರ ಭಾಷಣವಿಲ್ಲದೆ ಮುಗಿದ ಮೊದಲ ಕೂಟ ಅದು. ಚಂದಾ ಪೆಟ್ಟಿಗೆ ಸುತ್ತು ಹೊರಟಾಗ ಜನ ಕೇಳುವ ಮೊದಲೇ ಕೊಟ್ಟರು, ಮತ್ತು ಕ್ರಾಸಿನ ಅರವಟ್ಟಿಗೆಗೆ ಈ ಸಲ ನೆರಳೂ ಬಂತು, ಸಾಲು ಮಡಕೆಗಳೂ ಬಂದವು.

ಬೀದರಿಗೆ ಹೊರಟಾಗ ಕಾರು ಒಲೆಯಂತೆ ಕಾದಿತ್ತು. ಎ.ಸಿ. ಕೆಟ್ಟು ವರ್ಷವಾಗಿದೆ, ಅದಕ್ಕೂ ಇವರಿಗೆ ಪುರಸೊತ್ತಿಲ್ಲ. ನನ್ನ ಪಕ್ಕದಲ್ಲಿ ಕೂತ ಅತ್ತೆ ಶಾಲಿನ ಅಂಚು ಮೂಗಿಗೆ ಹಿಡಿದರು.

"ಇದು ಅತ್ತರು. ಯಾರೋ ಸಾಹೇಬ್ರು ಹೊದ್ದಾರ."

"ಕುತುಬೋದ್ದೀನ ಸಾಹೇಬ್ರು ರೀ" ಎಂದೆ.

"ಇದು ತಂಬಾಕ."

"ಭಾಲ್ಕಿ ಹಾವಗೆಪ್ಪನವ್ರು. ಒಂದ್ ವಾರ ಬೆವರ ಒರಸ್ಯಾರ್ರಿ." ಅಲ್ಲಿಂದ ಶುರು ಮಾಡಿ ಎಲ್ಲವನ್ನೂ ಹೇಳಿಬಿಟ್ಟೆ. ಇವರ ಚಷ್ಮಾದ ವಿಷಯ ಎರಡು ಸಲ ಹೇಳಿದೆ. "ಫಿಕರ್ ಮಾಡ್ಬ್ಯಾಡ್ರಿ ಅತ್ತಿ, ಮನಿಗಿ ಹೋದ ಕೂಡ್ಲೇ ಒಗಿತೇನಿ. ಮುಂಜಾನಿತನ ಒಣಗ್ತದ."

"ಯಾಕ ಒಗಿತಿ?" ಎಂದರು ಅತ್ತೆ. "ಒಂದ್ ಕಾಲಕ್ಕ ನಾ ಮುಟ್ಟಿದ ಹೊಸ್ತಲಕ್ಕ ನೀರ ಹಾಕೋರು. ಈಗ ಜಿಲ್ಲಾದ ಮಂದಿ ಬೆವರೆಲ್ಲಾ ನನ್ನ ಹೆಗಲ ಮ್ಯಾಲ ಬಂದು ಕುಂತದ. ಕುಂಡ್ರಲಿ."

ಮುಂದೆ ಕಾರು ನಡೆಸುತ್ತಿದ್ದ ಇವರು ಕಣ್ಣೊರೆಸಿಕೊಳ್ಳಲು ಚಷ್ಮಾ ತೆಗೆದರು. ರಸ್ತೆ ನೋಡಿ ನಡೆಸಿರಿ ಎಂದು ಗದರಿದೆ.

ಮರುದಿನ ಅತ್ತೆ ಬಿಳಿ ಸೀರೆಯ ಮೇಲೆ ಆ ಶಾಲು ಹೊದ್ದು ವಿಹಾರದಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ಸೆಕೆಗೆ ಅತ್ತರು, ತಂಬಾಕು, ಸೀಕರಣೆ ಮೂರೂ ಕೂಡಿ ಪಕ್ಕದಲ್ಲಿದ್ದ ನನ್ನ ಮೂಗಿಗೆ ಹೊಡೆಯುತ್ತಿದ್ದವು. ನಾನು ಇನ್ನಷ್ಟು ಹತ್ತಿರ ಸರಿದು ಕೂತೆ.